ಕೊಡಚಾದ್ರಿಗೆ ಎರಡು ಸಲ: ದಾರಿ ಮೊದಲು, ಬ್ಯಾಗ್ ಆಮೇಲೆ

ಕ್ಯಾಂಪಸ್‌ನಲ್ಲಿ ನಮ್ಮ ನಾಲ್ವರನ್ನು ಯಾರೂ ಹೆಸರು ಹಿಡಿದು ಕರೆಯಲ್ಲ. ಹಾನಗಲ್, ಶಿಗ್ಗಾವಿ, ಸವಣೂರ, ಹಿರೇಕೆರೂರ ಅಂತಲೇ ಕರೀತಾರೆ. ನಾಲ್ಕೂ ಹಾವೇರಿ ಜಿಲ್ಲೆಯ ತಾಲೂಕುಗಳು. ನಾನು ಹಿರೇಕೆರೂರ, ಸಿವಿಲ್ ಎರಡನೇ ವರ್ಷ. ಶಿಗ್ಗಾವಿ ನನ್ನ ರೂಮ್‌ಮೇಟ್. ಹಾನಗಲ್ ಎಲೆಕ್ಟ್ರಾನಿಕ್ಸ್, ಸವಣೂರ ಮೆಕ್ಯಾನಿಕಲ್, ಇಬ್ಬರೂ ಹುಡುಗರು.

ಕನ್ನಡ ಸಂಘದವರು ಟ್ರೆಕ್ ಬಗ್ಗೆ ಬರಿ ಅಂದಾಗ ಒಂದು ಪ್ರವಾಸ ಕಥನ ಬರೆದು ಮುಗಿಸಬಹುದಿತ್ತು. ಆದರೆ ‘ಸೂರ್ಯಾಸ್ತ ನೋಡಿ ಮೈಮರೆತೆವು’ ಅಂತ ನಾನು ಬರೆಯೋ ಹಾಗಿಲ್ಲ, ಯಾಕಂದ್ರೆ ನಮಗೆ ತೊಂದರೆ ಶುರುವಾಗಿದ್ದೇ ಸೂರ್ಯ ಮುಳುಗಿದ ಮೇಲೆ. ಅದಕ್ಕೆ ಇದು ಸ್ವಲ್ಪ ಪಾಠದ ತರಹ ಇದೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕಾಗುಣಿತ ಹಾನಗಲ್ ತಿದ್ದಿದ್ದಾನೆ. ಉಳಿದ ತಪ್ಪೆಲ್ಲ ಅವನದು.

ಮೊದಲನೇ ಸಲ ಏನಾಯ್ತು

ಅಕ್ಟೋಬರ್, ದಸರಾ ರಜೆ. ಮೂವರೂ ಹಿಂದಿನ ರಾತ್ರಿ ನಮ್ಮ ಮನೆಗೆ ಬಂದು ಮಲಗಿದ್ರು. ಬೆಳಗ್ಗೆ ಮೊದಲ ಬಸ್ ಹಿಡಿದು ಶಿಕಾರಿಪುರ, ಅಲ್ಲಿಂದ ಸಾಗರ, ಅಲ್ಲಿಂದ ನಿಟ್ಟೂರು. ನಮ್ಮ ಪ್ಲಾನ್ ಅಂದ್ರೆ ಇಷ್ಟೇ: ‘ಹಿಡ್ಲುಮನೆ ಫಾಲ್ಸ್ ಮೇಲಿಂದ ಹತ್ತೋದು, ಅದೇ ದಾರಿಲಿ ಇಳಿಯೋದು.’ ಒಂದು ರೀಲ್ ನೋಡಿ ಮಾಡಿದ ಪ್ಲಾನ್ ಅದು. ಆದರೆ ಬ್ಯಾಗಿಗೆ ಏನು ಹಾಕೋದು ಅನ್ನೋ ಬಗ್ಗೆ ವಾಟ್ಸಾಪ್ ಗ್ರೂಪ್‌ನಲ್ಲಿ ಎರಡು ವಾರ ಚರ್ಚೆ ಆಗಿತ್ತು. ಸವಣೂರ ಆಕ್ಷನ್ ಕ್ಯಾಮೆರಾ ಬಾಡಿಗೆಗೆ ತಂದಿದ್ದ. ಶಿಗ್ಗಾವಿ ಬ್ಲೂಟೂತ್ ಸ್ಪೀಕರ್ ತಂದಿದ್ಲು. ನಾನು ಹೊಸ ಶೂ ತಗೊಂಡಿದ್ದೆ. ನಾಲ್ಕು ಜನರಲ್ಲಿ ಒಬ್ಬರ ಹತ್ರವೂ ಟಾರ್ಚ್ ಇರಲಿಲ್ಲ.

ನಡೆಯೋಕೆ ಶುರು ಮಾಡಿದ್ದು 10:40ಕ್ಕೆ. ತುದಿ ಮುಟ್ಟಿದ್ದು 3:20ಕ್ಕೆ. ಫೋಟೋ ಮುಗಿಸಿ ವಾಪಸ್ ಹೊರಟಿದ್ದು 4:10ಕ್ಕೆ. ಜೀಪ್ ರಸ್ತೆಯಲ್ಲಿ ಇಳಿದರೆ ದೂರ ಜಾಸ್ತಿ ಅಂತ ಬಂದ ದಾರಿಯಲ್ಲೇ ಇಳಿದ್ವಿ. ಅಷ್ಟರಲ್ಲಿ ಸಣ್ಣ ಮಳೆ ಶುರುವಾಗಿತ್ತು. ಫಾಲ್ಸ್ ಹತ್ತಿರದ ಪಾಚಿ ಬಂಡೆ ಮೇಲೆ 5:40ಕ್ಕೆ ಸವಣೂರನ ಕಾಲು ಉಳುಕಿತು. 6:30ಕ್ಕೆ ಕಾಡಿನೊಳಗೆ ನಮ್ಮ ಕೈ ನಮಗೇ ಕಾಣ್ತಿರಲಿಲ್ಲ. ನಾಲ್ಕು ಫೋನ್‌ನಲ್ಲಿ ಎರಡು ಸತ್ತಿದ್ವು, ಮೂರನೇದರಲ್ಲಿ 11 ಪರ್ಸೆಂಟ್. ಕೂತು ಕೂತು ಇಳಿದ್ವಿ. ಸವಣೂರ ಒಂದು ಸಲವೂ ‘ನೋಯ್ತಿದೆ’ ಅನ್ನಲಿಲ್ಲ, ಅದು ನನಗೆ ಇನ್ನೂ ಹೆದರಿಕೆ ಆಗಿತ್ತು. ಕೊನೆಗೆ ಕೆಳಗಿನ ತೋಟದ ಮನೆಯವರೊಬ್ಬರು ನಮ್ಮ ಕೂಗು ಕೇಳಿ ದೊಡ್ಡ ಟಾರ್ಚ್ ಹಿಡಿದು ಮೇಲೆ ಬಂದರು. ರಸ್ತೆ ಮುಟ್ಟಿದಾಗ 8:50. ಅವರ ಮನೆಯಲ್ಲಿ ಕಷಾಯ ಕುಡಿಯುವಾಗ ನನ್ನ ಫೋನ್ ಚಾರ್ಜಿಗೆ ಹಾಕಿದೆ. ಅಪ್ಪನ 14 ಮಿಸ್ಡ್ ಕಾಲ್ ಇದ್ವು.

ಅಪ್ಪ ಬೈಯಲಿಲ್ಲ. ಮೂರು ದಿನ ಬಿಟ್ಟು ಊಟಕ್ಕೆ ಕೂತಾಗ ಅಂದರು: “ಮತ್ತ ಹೋಗಬ್ಯಾಡ ಅನ್ನಾಂಗಿಲ್ಲ ನಾ. ಆದ್ರ ಯಾವ ದಾರಿ ಹಿಡಿದು ಹೊಂಟಿ, ಎಷ್ಟೊತ್ತಿಗೆ ಕೆಳಗ ಇಳೀತಿ, ಇಳೀಲಿಲ್ಲಂದ್ರ ನಾ ಯಾರಿಗೆ ಫೋನ್ ಹಚ್ಚಬೇಕು. ಇಷ್ಟು ಒಂದ್ ಹಾಳ್ಯಾಗ ಬರ್ದು ಕೊಟ್ಟು ಹೋಗು.”

ಆ ಒಂದು ಹಾಳೆ ಬರೆಯೋಕೆ ಕೂತಾಗ ನನಗೆ ಗೊತ್ತಾಯ್ತು, ಅಪ್ಪನ ಒಂದು ಪ್ರಶ್ನೆಗೂ ನನ್ನ ಹತ್ರ ಉತ್ತರ ಇಲ್ಲ ಅಂತ. ‘ಏನು ತಗೊಂಡು ಹೋಗ್ತಿ’ ಅಂತ ಅವರು ಕೇಳಲೇ ಇಲ್ಲ, ಗಮನಿಸಿ.

ಬೆಟ್ಟ ಯಾವುದು

ನಮ್ಮಲ್ಲಿ ಬಹಳ ಜನ ಎತ್ತರ ನೋಡಿ ಬೆಟ್ಟ ಆರಿಸ್ತಾರೆ. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರ, 1900 ಮೀಟರ್ ಮೇಲೆ. ಆದರೆ ತುದಿಯ ಹತ್ತಿರದವರೆಗೆ ಕಾರು ಹೋಗುತ್ತೆ. ಕುಮಾರ ಪರ್ವತ 1712 ಮೀಟರ್, ಎತ್ತರದಲ್ಲಿ ಅದಕ್ಕಿಂತ ಕಡಿಮೆ. ಆದರೆ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ ಹೆಚ್ಚುಕಡಿಮೆ ಅಷ್ಟನ್ನೂ ಕಾಲಲ್ಲೇ ಏರಬೇಕು. ಅಂದ್ರೆ ಬೆಟ್ಟದ ಎತ್ತರ ಮುಖ್ಯ ಅಲ್ಲ, ನೀವು ನಡೆಯೋಕೆ ಶುರು ಮಾಡೋ ಜಾಗಕ್ಕೂ ತುದಿಗೂ ಇರೋ ವ್ಯತ್ಯಾಸ ಮುಖ್ಯ. ಇದು ಹೇಳಿದರೆ ಬಹಳ ಸಿಂಪಲ್ ಅನ್ಸುತ್ತೆ, ಆದರೂ ಟ್ರೆಕ್ ಪೋಸ್ಟರ್‌ಗಳಲ್ಲಿ ತುದಿಯ ಎತ್ತರ ಮಾತ್ರ ಹಾಕಿರ್ತಾರೆ.

ಇನ್ನೊಂದು, ಅನುಮತಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸೇರಿದ ಫೋಟೋ ಎಲ್ಲರ ಫೋನಿಗೂ ಬಂದಿತ್ತು, ನೆನಪಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ಸರ್ಕಾರ ತಡೆ ಹಾಕಿತು. ಕೊಡಚಾದ್ರಿ ಇರೋದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ. ಅಲ್ಲೂ ಅರಣ್ಯ ಇಲಾಖೆ ಹೇಳಿದ್ದೇ ನಿಯಮ. ಮಳೆಗಾಲದಲ್ಲಿ ಒಂದು ತರಹ, ಬೆಂಕಿ ಬೀಳೋ ಬೇಸಿಗೆಯಲ್ಲಿ ಇನ್ನೊಂದು ತರಹ. ಹಳೇ ವಿಡಿಯೋ ನಂಬಿ ಹೋಗಬೇಡಿ. ಹೊರಡೋ ವಾರ ಇಲಾಖೆಯ ವೆಬ್‌ಸೈಟ್ ನೋಡಿ, ಇಲ್ಲಾಂದ್ರೆ ಅಲ್ಲಿನ ಹೋಂಸ್ಟೇಗೆ ಫೋನ್ ಮಾಡಿ ಯಾವ ದಾರಿ ತೆರೆದಿದೆ ಅಂತ ಕೇಳಿ.

ನಮಗೆ ಕೊಡಚಾದ್ರಿಯೇ ಯಾಕೆ ಅಂದ್ರೆ, ಬಸ್ಸಿದೆ. 1343 ಮೀಟರ್. ಮಾತಿನ ಮಧ್ಯೆ ಅಪ್ಪ ಹೇಳಿದ ಇನ್ನೊಂದು ವಿಷಯ: ನಮ್ಮ ಕಡೆಯ ಮದಗ ಮಾಸೂರು ಕೆರೆಗೆ ಬರೋ ಕುಮುದ್ವತಿ ಹುಟ್ಟೋದು ಹೊಸನಗರ ತಾಲೂಕಿನ ಹುಂಚದ ಹತ್ತಿರ. ಹಾನಗಲ್‌ನವನ ಹೊಲದ ಕಡೆ ಹರಿಯೋ ವರದಾ ಹುಟ್ಟೋದು ಸಾಗರದ ಇಕ್ಕೇರಿ ಹತ್ತಿರ. ಅಂದ್ರೆ ನಾವು ಬಸ್ಸಿನಲ್ಲಿ ಹೋಗಿದ್ದು ನಮ್ಮ ಊರ ಹೊಳೆಗಳ ತಲೆಗೆ. ಇದನ್ನ ಹತ್ತೊಂಬತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದಾರಿ ಓದೋದು

ಸರ್ವೇಯಿಂಗ್ ಲ್ಯಾಬ್‌ನಲ್ಲಿ ನಾವು ಕಾಂಟೂರ್ ಬಿಡಿಸ್ತೀವಿ. ಮಾರ್ಕ್ಸ್ ತಗೊಂಡು ಮರೀತೀವಿ. (ಕನ್ನಡ ಮೀಡಿಯಂ ಓದಿದ ಹಾನಗಲ್ ಅದಕ್ಕೆ ‘ಸಮೋನ್ನತ ರೇಖೆ’ ಅಂತಾನೆ, ಒಂದೇ ಎತ್ತರದ ಜಾಗಗಳನ್ನು ಸೇರಿಸೋ ಗೆರೆ. ಆ ಪದ ಕೇಳಿದರೆ ಅರ್ಥ ತಾನಾಗೇ ತಿಳಿಯುತ್ತೆ. ಕಾಂಟೂರ್ ಅನ್ನೋದರಲ್ಲಿ ನನಗೆ ಏನೂ ತಿಳಿದಿರಲಿಲ್ಲ.) ಸರ್ವೇ ಆಫ್ ಇಂಡಿಯಾದವರ ಟೊಪೊ ಶೀಟ್ ಆನ್‌ಲೈನ್‌ನಲ್ಲಿ ಸಿಗುತ್ತೆ. 1:50,000 ಸ್ಕೇಲ್, ಅಂದ್ರೆ ನಕ್ಷೆಯ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಏರು.

ಈಗ ಲೆಕ್ಕ ನೋಡಿ. ಎರಡು ಗೆರೆ ನಡುವೆ 2 ಮಿಲಿಮೀಟರ್ ಇದ್ದರೆ, 100 ಮೀಟರ್ ನಡೆದಾಗ 20 ಮೀಟರ್ ಏರ್ತೀರಿ. ಸುಮಾರು 11 ಡಿಗ್ರಿ. ಮಾತಾಡ್ತಾ ಹತ್ತಬಹುದು. 1 ಮಿಲಿಮೀಟರ್ ಇದ್ದರೆ 50 ಮೀಟರಿಗೆ 20 ಮೀಟರ್, ಸುಮಾರು 22 ಡಿಗ್ರಿ. ಮಾತು ನಿಲ್ಲುತ್ತೆ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ಕೈಯೂ ಬೇಕು. ಕೊಡಚಾದ್ರಿಯ ಪಶ್ಚಿಮ ಮೈ, ಅಂದ್ರೆ ಕೊಲ್ಲೂರು ಕಡೆ, ಹಾಗೇ ಇದೆ. ಗೆರೆಗಳೆಲ್ಲ ಒಂದು ಕಂದು ಪಟ್ಟಿ ಆಗಿಬಿಟ್ಟಿವೆ. ತುದಿಯಲ್ಲಿ ಮಂಜು ಬಂದಾಗ ‘ಸ್ವಲ್ಪ ಆ ಕಡೆ ಹೋಗಿ ಫೋಟೋ ತೆಗಿ’ ಅನ್ನೋರು ಈ ಪಟ್ಟಿಯನ್ನ ಒಂದು ಸಲ ನೋಡಬೇಕು.

ಎರಡನೇ ಸಲ ಹೋಗೋ ಮುಂಚೆ ನಾವು ನಕ್ಷೆ ಮೇಲೆ ಮೂರು ದಾರಿ ಗುರುತು ಮಾಡಿದ್ವಿ. ಒಂದು ನಿಟ್ಟೂರು ಕಡೆಯಿಂದ ಕಟ್ಟಿನಹೊಳೆ ಮೇಲೆ ಹೋಗೋ ಜೀಪ್ ರಸ್ತೆ. ಎರಡನೇದು ಹಿಡ್ಲುಮನೆ ಫಾಲ್ಸ್ ಪಕ್ಕದ ಕಾಲುದಾರಿ. ಮೂರನೇದು ಕೊಲ್ಲೂರು ಕಡೆಯಿಂದ ಕಾಡೊಳಗೆ ಬರೋ ದಾರಿ. ಮೂರನೇದನ್ನ ಬೇಗ ಬಿಟ್ಟುಬಿಟ್ವಿ. ಏರು ಬಹಳ ಜಾಸ್ತಿ, ನಮಗೆ ಗೊತ್ತಿರೋರು ಆ ಕಡೆ ಯಾರೂ ಇಲ್ಲ. ಉಳಿದ ಎರಡರಲ್ಲಿ ಜಗಳ ಶುರುವಾಯ್ತು.

ಸವಣೂರನದು ಒಂದೇ ಮಾತು, “ಜೀಪ್ ರೋಡ್ ಅಂದ್ರ ಟ್ರೆಕ್ ಅಲ್ಲ, ಅದು ವಾಕಿಂಗ್.” ಶಿಗ್ಗಾವಿ ಹೇಳಿದ್ದು, ಕಾಲು ಉಳುಕಿದ್ದು ನಿಂದೇ, ನೀನೇ ಹೀಗೆ ಮಾತಾಡ್ತೀಯ. ಕೊನೆಗೆ ಹಾನಗಲ್ ಒಂದು ಮಾತು ಹೇಳಿದ, ಅದು ಈ ಇಡೀ ಲೇಖನದಲ್ಲಿ ನಿಮಗೆ ಉಪಯೋಗ ಆಗೋ ಮಾತು: ಹತ್ತುವಾಗ ನಮ್ಮ ಹತ್ರ ಬೆಳಕಿರುತ್ತೆ, ಶಕ್ತಿ ಇರುತ್ತೆ, ಗಮನ ಇರುತ್ತೆ. ಇಳಿಯುವಾಗ ಮೂರೂ ಇರಲ್ಲ. ಹಾಗಾದ್ರೆ ಕಷ್ಟದ ದಾರಿ ಹತ್ತೋಕೆ, ಸುಲಭದ ದಾರಿ ಇಳಿಯೋಕೆ. ಒದ್ದೆ ಬಂಡೆ ಮೇಲೆ ಹತ್ತುವಾಗ ಜಾರಿದರೆ ಮಂಡಿ ಕೆರೆಯುತ್ತೆ, ಇಳಿಯುವಾಗ ಜಾರಿದರೆ ಕೆಳಗೆ ಹೋಗ್ತೀರಿ. ಜೀಪ್ ರಸ್ತೆ 3 ಕಿಲೋಮೀಟರ್ ಉದ್ದ ಇರಬಹುದು, ಆದರೆ ಕತ್ತಲಾದರೂ ದಾರಿ ತಪ್ಪಲ್ಲ, ಕಾಲು ಉಳುಕಿದರೆ ಜೀಪ್ ಸಿಗುತ್ತೆ. ಅಕ್ಟೋಬರ್‌ನಲ್ಲಿ ನಾವು ಇದನ್ನ ಪೂರ್ತಿ ಉಲ್ಟಾ ಯೋಚನೆ ಮಾಡಿದ್ವಿ.

ನೈಸ್ಮಿತ್ ಲೆಕ್ಕ ಮತ್ತು ನಮ್ಮ ಲೆಕ್ಕ

1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟ. ಈಗಿನ ಅಳತೆಯಲ್ಲಿ ಹೇಳಿದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಷ್ಟೇ.

ನಮ್ಮ ಫೋನ್‌ನ ಜಿಪಿಎಸ್ ಪ್ರಕಾರ ಫಾಲ್ಸ್ ದಾರಿ ಸುಮಾರು 8 ಕಿಲೋಮೀಟರ್. ಏರು ಸುಮಾರು 700 ಮೀಟರ್. 8 ಕಿಲೋಮೀಟರಿಗೆ 1 ಗಂಟೆ 36 ನಿಮಿಷ, 700 ಮೀಟರಿಗೆ 1 ಗಂಟೆ 10 ನಿಮಿಷ. ಒಟ್ಟು 2 ಗಂಟೆ 46 ನಿಮಿಷ. ನಾವು ತಗೊಂಡಿದ್ದು 4 ಗಂಟೆ 40 ನಿಮಿಷ. ಭಾಗಿಸಿದರೆ ಸುಮಾರು 1.7.

ಈ 1.7 ನಮ್ಮ ನಾಲ್ಕು ಜನರ ಸಂಖ್ಯೆ. ಇದರಲ್ಲಿ ಫೋಟೋ, ನೀರು, ಇಂಬಳ ಕೀಳೋದು, ನನ್ನ ಹೊಸ ಶೂ ಕಚ್ಚಿದ್ದು, ಎಲ್ಲ ಸೇರಿದೆ. ನೈಸ್ಮಿತ್ ಲೆಕ್ಕ ಗಟ್ಟಿ ಕಾಲಿನವರಿಗೆ, ಒಳ್ಳೇ ದಾರಿಗೆ. ನಿಮ್ಮ ಗ್ಯಾಂಗಿನದು 1.3 ಇರಬಹುದು, 2 ಇರಬಹುದು. ಅದನ್ನ ಕಂಡುಹಿಡಿಯೋಕೆ ಕೊಡಚಾದ್ರಿ ತನಕ ಹೋಗಬೇಕಾಗಿಲ್ಲ. ನಾವು ಡಿಸೆಂಬರ್‌ನಲ್ಲಿ ಮದಗ ಕೆರೆ ಪಕ್ಕದ ಗುಡ್ಡಗಳಲ್ಲಿ ಬ್ಯಾಗ್ ಹೊತ್ತು ಅರ್ಧ ದಿನ ಓಡಾಡಿದ್ವಿ, ಟೈಮ್ ಬರೆದುಕೊಂಡ್ವಿ. ಸವಣೂರನಿಗೆ ಅದೇ ಮೊದಲ ಅಭ್ಯಾಸ. ಅವನ ಊರು ಚಪ್ಪಟೆ, ಏರಬೇಕಂದ್ರೆ ಆ ಹೆಸರುವಾಸಿ ದೊಡ್ಡಹುಣಸೆ ಮರಗಳನ್ನೇ ಏರಬೇಕು ಅಂತ ನಾವು ಅವನನ್ನ ಕಾಡಿಸ್ತೀವಿ. ಹೋಗೋಕಾಗದವರು ಹಾಸ್ಟೆಲ್ ಮೆಟ್ಟಿಲು ಹತ್ತಿ. ಒಂದು ಮಹಡಿ ಸುಮಾರು 3 ಮೀಟರ್, 700 ಮೀಟರ್ ಅಂದ್ರೆ 230 ಮಹಡಿಗಿಂತ ಜಾಸ್ತಿ. ಒಂದೇ ದಿನ ಬೇಡ.

ಈಗ ಹಿಂದಿನಿಂದ ಲೆಕ್ಕ ಹಾಕಬೇಕು. ಇದು ನಾನು ಮೊದಲ ಸಲ ಮಾಡದೇ ಇದ್ದಿದ್ದು. ಜನವರಿ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗೋದು ಸುಮಾರು 6:15ಕ್ಕೆ. ನಮ್ಮ ಕಡೆ ಸಂಜೆ ಬೆಳಕು ಬಹಳ ಹೊತ್ತು ನಿಲ್ಲಲ್ಲ, ಕಾಡೊಳಗಂತೂ ಇನ್ನೂ ಬೇಗ ಹೋಗುತ್ತೆ. ಹಾಗಾಗಿ 5 ಗಂಟೆಗೆ ಕೆಳಗೆ ಇರಬೇಕು ಅಂತ ಇಟ್ಕೊಂಡ್ವಿ. ಜೀಪ್ ರಸ್ತೆ 11 ಕಿಲೋಮೀಟರ್, ಲೆಕ್ಕದ ಪ್ರಕಾರ 2 ಗಂಟೆ 12 ನಿಮಿಷ, ನಮ್ಮ ಕಾಲಿಗೆ 3 ಗಂಟೆ. ಅಂದ್ರೆ ತುದಿಯಿಂದ ತಡ ಅಂದ್ರೆ 2 ಗಂಟೆಗೆ ಹೊರಡಬೇಕು. ಯಾರಿಗಾದರೂ ಏನಾದರೂ ಆದರೆ ಅಂತ ಒಂದು ಗಂಟೆ ಕೈಯಲ್ಲಿ. ಹಾಗಾಗಿ 1 ಗಂಟೆ. ಎಲ್ಲೇ ಇರಲಿ, ತುದಿ ಕಾಣ್ತಿರಲಿ, 1 ಗಂಟೆಗೆ ತಿರುಗೋದು.

ಅಪ್ಪನ ಹಾಳೆಯಲ್ಲಿ ನಾನು ಬರೆದ ಮೊದಲ ಸಾಲು ಇದು. ಮತ್ತೆ ಬೆಳಗ್ಗೆ 7:30ಕ್ಕೆ ನಡೆಯೋಕೆ ಶುರು ಮಾಡಬೇಕು, ಯಾಕಂದ್ರೆ 4 ಗಂಟೆ 40 ನಿಮಿಷ ಬೇಕು. ಅಂದ್ರೆ ಹಿಂದಿನ ರಾತ್ರಿ ನಿಟ್ಟೂರಿನ ಹತ್ರ ಉಳೀಬೇಕು. ನೋಡಿ, ಒಂದು ಲೆಕ್ಕದಿಂದ ಬಸ್ಸಿನ ದಿನವೇ ಬದಲಾಯ್ತು.

ಈ ತಿರುಗೋ ಟೈಮ್ ದೊಡ್ಡ ಪರ್ವತಾರೋಹಿಗಳ ಪದ್ಧತಿ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಮಧ್ಯಾಹ್ನ 2 ಗಂಟೆ ಆದ ಮೇಲೂ ಬಹಳ ಜನ ತುದಿ ಕಡೆ ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಬಂತು. 8 ಜನ ವಾಪಸ್ ಬರಲಿಲ್ಲ, ಅವರಲ್ಲಿ ಇಬ್ಬರು ತಂಡ ನಡೆಸುತ್ತಿದ್ದ ಅನುಭವಿ ಗೈಡ್‌ಗಳು, ರಾಬ್ ಹಾಲ್ ಮತ್ತು ಸ್ಕಾಟ್ ಫಿಷರ್. ನಮ್ಮ ಬೆಟ್ಟಕ್ಕೂ ಅದಕ್ಕೂ ಹೋಲಿಕೆ ಇಲ್ಲ ಅಂತ ಗೊತ್ತು. ಆದರೆ ‘ಇಷ್ಟು ದೂರ ಬಂದಿದೀವಿ, ಇನ್ನು ಸ್ವಲ್ಪ’ ಅನ್ನೋ ಮಾತು ಎರಡೂ ಕಡೆ ಒಂದೇ.

ಈಗ ಬ್ಯಾಗ್

ದಾರಿ ಗೊತ್ತಾದ ಮೇಲೆ ಬ್ಯಾಗ್ ತಾನಾಗೇ ತುಂಬುತ್ತೆ. ಫಾಲ್ಸ್ ದಾರಿ ಅಂದ್ರೆ ಒದ್ದೆ ಬಂಡೆ, ಹಾಗಾಗಿ ಶೂ. ಮೇಲಿನ ಅರ್ಧ ಬರೀ ಹುಲ್ಲುಗಾವಲು, ನೆರಳಿಲ್ಲ, ನೀರಿಲ್ಲ, ಗಾಳಿ. ಹಾಗಾಗಿ ನೀರು, ಟೋಪಿ, ಒಂದು ಗಾಳಿ ತಡೆಯೋ ಜಾಕೆಟ್. ಕತ್ತಲಾಗಬಾರದು, ಆದರೂ ಆದರೆ? ಹಾಗಾಗಿ ಟಾರ್ಚ್.

ಶೂ ಬಗ್ಗೆ. ದುಬಾರಿ ಶೂ ಬೇಕಂತಿಲ್ಲ. ತಳ ಮೆತ್ತಗಿನ ರಬ್ಬರ್ ಇರಬೇಕು, ಅದರ ಹಲ್ಲು ಸವೆದಿರಬಾರದು. ಗಟ್ಟಿ ಪ್ಲಾಸ್ಟಿಕ್ ತರಹದ ತಳ ಒಣ ನೆಲದಲ್ಲಿ ಚೆನ್ನಾಗಿ ಹಿಡಿಯುತ್ತೆ, ಒದ್ದೆ ಬಂಡೆ ಮೇಲೆ ಸೋಪ್ ಆಗುತ್ತೆ. ಅಂಗಡಿಯಲ್ಲಿ ಉಗುರಿಂದ ಒತ್ತಿ ನೋಡಿ, ಸ್ವಲ್ಪ ತಗ್ಗಬೇಕು. ಹೊಸ ಶೂ ಆದರೆ ಎರಡು ವಾರ ಕ್ಲಾಸಿಗೆ ಹಾಕ್ಕೊಂಡು ಹೋಗಿ, ಯಾರು ನಕ್ಕರೂ ಪರವಾಗಿಲ್ಲ. ಹೊರಡೋ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಇಳಿಯುವಾಗ ಹೆಬ್ಬೆರಳು ಶೂ ತುದಿಗೆ ಬಡಿದು ಬಡಿದು ನನ್ನ ಒಂದು ಉಗುರು ಕಪ್ಪಾಗಿ ಡಿಸೆಂಬರ್‌ನಲ್ಲಿ ಬಿದ್ದುಹೋಯ್ತು.

ಜೀನ್ಸ್ ಬೇಡ. ಇದನ್ನ ಎಲ್ಲರೂ ಹೇಳ್ತಾರೆ, ಯಾರೂ ಕೇಳಲ್ಲ, ಅದಕ್ಕೆ ನಾವು ತೂಕ ಮಾಡಿದ್ವಿ. ಹಾಸ್ಟೆಲ್ ಮೆಸ್ಸಿನ ತಕ್ಕಡಿಯಲ್ಲಿ ಶಿಗ್ಗಾವಿಯ ಒಣ ಜೀನ್ಸ್ 640 ಗ್ರಾಂ. ಬಕೆಟ್‌ನಲ್ಲಿ ಅದ್ದಿ ಹಿಂಡಿದ ಮೇಲೆ 1 ಕೆಜಿ 150 ಗ್ರಾಂ. ಹಾನಗಲ್‌ನ ಟ್ರ್ಯಾಕ್ ಪ್ಯಾಂಟ್ 280 ಇದ್ದದ್ದು 390 ಆಯ್ತು, ಅದೂ ಫ್ಯಾನ್ ಕೆಳಗೆ ಒಂದು ಗಂಟೆಯಲ್ಲಿ ಒಣಗಿತು. ಜೀನ್ಸ್ ಮರುದಿನ ಬೆಳಗ್ಗೆಯೂ ಒದ್ದೆ. ಮೇಲೆ ಹೋದಂತೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತೆ, ನಮ್ಮ 700 ಮೀಟರಿಗೆ ನಾಲ್ಕೂವರೆ ಡಿಗ್ರಿ. ಅದು ದೊಡ್ಡದಲ್ಲ. ಆದರೆ ಒದ್ದೆ ಕಾಟನ್ ಬಟ್ಟೆ, ಮೇಲೆ ಗಾಳಿ, ನಿಂತಲ್ಲೇ ನಡುಕ ಬರುತ್ತೆ.

ಮಳೆ ವಿಷಯದಲ್ಲಿ ನಾಲ್ಕು ತಾಲೂಕಿಗೂ ನಾಲ್ಕು ಬುದ್ಧಿ. ಹಾನಗಲ್ ಅರ್ಧ ಮಲೆನಾಡು, ಭತ್ತದ ಗದ್ದೆ ಊರು. ಅವನು ಕಾಕಾನಿಂದ ಕಲಿತ ಹಾಗೆ ಗೊಬ್ಬರದ ಚೀಲ ಮಡಚಿ ಕೊಪ್ಪಿ ಮಾಡ್ಕೊಂಡು ಬಂದಿದ್ದ. ನಾವು ನಕ್ಕಿದ್ವಿ. ಅಕ್ಟೋಬರ್‌ನಲ್ಲಿ ಬೆನ್ನು, ಬ್ಯಾಗ್ ಎರಡೂ ನೆನೆಯದೆ ಇದ್ದವನು ಅವನೊಬ್ಬನೇ. ಬಯಲುಸೀಮೆಯ ಸವಣೂರ ಏನೂ ತಂದಿರಲಿಲ್ಲ. ಬ್ಯಾಗ್ ಮೇಲೆ ಹಾಕೋ ಕವರ್‌ಗಿಂತ ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಸುತ್ತಿಬಿಡಿ, ಹತ್ತು ರೂಪಾಯಿ ಕೆಲಸ.

ನೀರು ಒಬ್ಬರಿಗೆ 3 ಲೀಟರ್, ಅಂದ್ರೆ 3 ಕೆಜಿ. ಬ್ಯಾಗಿನಲ್ಲಿ ಅತಿ ಭಾರದ ವಸ್ತು ಅದೇ, ಅದನ್ನ ಕಡಿಮೆ ಮಾಡೋ ಹಾಗಿಲ್ಲ. ಉಳಿದದ್ದೆಲ್ಲ ಸೇರಿ 3 ಕೆಜಿ ಒಳಗೆ ಬರಬೇಕು ಅಂತ ಇಟ್ಕೊಂಡ್ವಿ. ಸ್ಪೀಕರ್ ಅಲ್ಲಿಗೆ ಹೋಯ್ತು. ಆಕ್ಷನ್ ಕ್ಯಾಮೆರಾ ಹೋಯ್ತು. ತಲೆಗೆ ಕಟ್ಟೋ ಟಾರ್ಚ್ ಒಬ್ಬರಿಗೆ ಒಂದು ಬಂತು. ನಾಲ್ಕು ಜನಕ್ಕೆ ಎರಡು ಸಾಕು ಅನ್ನಬೇಡಿ, ಕತ್ತಲಲ್ಲಿ ಇನ್ನೊಬ್ಬರ ಬೆಳಕಿನಲ್ಲಿ ನಡೆದರೆ ನಿಮ್ಮ ಕಾಲಿನ ಜಾಗದಲ್ಲಿ ಅವರ ನೆರಳು ಬಿದ್ದಿರುತ್ತೆ. ಒಂದು ಪವರ್ ಬ್ಯಾಂಕ್, ಕ್ರೇಪ್ ಬ್ಯಾಂಡೇಜ್ ಎರಡು, ಓಆರ್‌ಎಸ್ ಪ್ಯಾಕೆಟ್, ಒಂದು ಸೀಟಿ. ಸೀಟಿಗೆ ಹತ್ತು ಗ್ರಾಂ ತೂಕ ಇಲ್ಲ, ನಾವು ಅವತ್ತು ಒಂದು ಗಂಟೆ ಗಂಟಲು ಹರ್ಕೊಂಡಿದ್ವಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿ ಇಡಿ, ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯುತ್ತೆ. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿದ್ದರೆ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ತುರ್ತು ನಂಬರ್ 112, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ ಹೋಗಬಹುದು.

ಊಟಕ್ಕೆ ಎನರ್ಜಿ ಬಾರ್ ಬೇಕಾ ಅಂತ ಕೇಳೋರಿಗೆ: ಶೇಂಗಾದಲ್ಲಿ 100 ಗ್ರಾಂಗೆ 560 ಕ್ಯಾಲೊರಿ ಮೇಲಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶಿಗ್ಗಾವಿಯ ಅವ್ವ ಕೊಟ್ಟ ಅಂಟಿನ ಉಂಡಿ, ಸವಣೂರಿನ ಖಾರಾ. ಖಡಕ್ ರೊಟ್ಟಿ ಕೆಡಲ್ಲ, ಕಾಯಿಸಬೇಕಿಲ್ಲ, ಹಗುರ. ಪುಡಿ ಆದರೂ ತಿನ್ನಬಹುದು. ಖಾರಾ ಮಾತ್ರ ಸ್ವಲ್ಪ, ಬಾಯಾರಿಕೆ ಆಗುತ್ತೆ.

ಹಗ್ಗ ತಗೋಬೇಕಾ ಅಂತ ಇಬ್ಬರು ಜೂನಿಯರ್‌ಗಳು ಕೇಳಿದ್ರು. ಹಗ್ಗ ಬಳಸೋಕೆ ಬರದವರ ಬ್ಯಾಗಿನಲ್ಲಿ ಅದು ಬರೀ ತೂಕ, ಕೆಲವೊಮ್ಮೆ ಧೈರ್ಯ ಕೊಟ್ಟು ಹೋಗಬಾರದ ಕಡೆ ಕರ್ಕೊಂಡು ಹೋಗುತ್ತೆ. ನಿಜವಾಗಿ ಬಂಡೆ ಹತ್ತೋದು ಕಲೀಬೇಕಂದ್ರೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರು ತರಬೇತಿ ಕೊಡ್ತಾರೆ. ಬಾದಾಮಿಯ ಮರಳುಗಲ್ಲಿನ ಗೋಡೆಗಳಿಗೆ ದೇಶದ ಎಲ್ಲ ಕಡೆಯಿಂದ ಹತ್ತೋರು ಬರ್ತಾರೆ, ನಮಗೆ ಅದು ಪಕ್ಕದಲ್ಲೇ ಇದೆ.

ಉಣ್ಣೆ

ಇಂಬಳಕ್ಕೆ ಎಲ್ಲರೂ ಹೆದರ್ತಾರೆ. ಅದು ರಕ್ತ ಕುಡಿದು ಬಿದ್ದುಹೋಗುತ್ತೆ, ಅಷ್ಟೇ. ಹೆದರಬೇಕಾದ್ದು ಉಣ್ಣೆಗೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊರಬ ಅಂದ್ರೆ ಹಾನಗಲ್‌ಗೆ ಪಕ್ಕದ ತಾಲೂಕು. ಕಾಡಿನ ಉಣ್ಣೆ ಕಚ್ಚಿದರೆ ಬರುತ್ತೆ. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಕಡೆ ಅದರಿಂದ ಜನ ಸತ್ತಿದ್ದಾರೆ. ಅದರ ಕಾಲ ಡಿಸೆಂಬರ್‌ನಿಂದ ಮೇ ತನಕ, ಅಂದ್ರೆ ನಾವೆಲ್ಲ ‘ಮಳೆ ಇಲ್ಲ, ಟ್ರೆಕ್‌ಗೆ ಬೆಸ್ಟ್’ ಅಂತ ಹೊರಡೋ ಕಾಲವೇ.

ನಾವು ಹೋಂಸ್ಟೇ ಅಮ್ಮನಿಗೆ ಮೊದಲೇ ಫೋನ್ ಮಾಡಿ ಸುತ್ತಮುತ್ತ ಮಂಗ ಸತ್ತಿದ್ದು, ಜ್ವರ ಬಂದಿದ್ದು ಇದೆಯಾ ಅಂತ ಕೇಳಿದ್ವಿ. ಇದ್ದಿದ್ದರೆ ಹೋಗ್ತಿರಲಿಲ್ಲ. ಆರೋಗ್ಯ ಇಲಾಖೆ ಅಲ್ಲಿಯವರಿಗೆ ಕೊಡೋ ಡೆಪಾ ಎಣ್ಣೆಯನ್ನ ಅವರೇ ನಮ್ಮ ಕೈಕಾಲಿಗೆ ಹಚ್ಚಿಸಿದರು. ಪೂರ್ತಿ ತೋಳು, ಪ್ಯಾಂಟನ್ನ ಸಾಕ್ಸ್ ಒಳಗೆ ತುರುಕೋದು, ಒಣ ಎಲೆ ರಾಶಿ ಮೇಲೆ ಕೂರದೇ ಇರೋದು, ಸತ್ತ ಮಂಗ ಕಂಡರೆ ಹತ್ರ ಹೋಗದೆ ಊರವರಿಗೆ ಹೇಳೋದು. ವಾಪಸ್ ಬಂದು ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಉಣ್ಣೆ ಕಚ್ಚಿದ್ದರೆ ಚಿಮುಟದಿಂದ ಚರ್ಮದ ಹತ್ರ ಹಿಡಿದು ನೇರ ಎಳೀಬೇಕು, ಹೊಸಕಬಾರದು. ಕಚ್ಚಿ ಸುಮಾರು 3ರಿಂದ 8 ದಿನಕ್ಕೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ‘ಆ ಕಾಡಿಗೆ ಹೋಗಿದ್ದೆ’ ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಹಾಸ್ಟೆಲ್ ಹತ್ರದ ಡಾಕ್ಟರಿಗೆ ಹೇಗೆ ಹೊಳೀಬೇಕು?

ಎರಡನೇ ಸಲ

ಅಪ್ಪನ ಹಾಳೆಯಲ್ಲಿ ಕೊನೆಗೆ ಇದ್ದದ್ದು: ಹತ್ತೋ ದಾರಿ, ಇಳಿಯೋ ದಾರಿ, ಶುರು 7:30, ತಿರುಗೋದು 1:00, ಕೆಳಗೆ 5:00, 7 ಗಂಟೆ ಒಳಗೆ ಫೋನ್ ಬರದಿದ್ದರೆ ಹೋಂಸ್ಟೇಗೆ, ಆಮೇಲೆ 112ಕ್ಕೆ. ನಾಲ್ವರ ಮನೆ ನಂಬರ್. ಅಪ್ಪ ಓದಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದರು. ಏನೂ ಹೇಳಲಿಲ್ಲ.

ಸಂಕ್ರಾಂತಿ ಆದ ಮೇಲಿನ ಶನಿವಾರ 7:50ಕ್ಕೆ ಶುರು ಮಾಡಿದ್ವಿ, 20 ನಿಮಿಷ ತಡ. ಫಾಲ್ಸ್ ಬಂಡೆಗಳ ಮೇಲೆ ಒಬ್ಬೊಬ್ಬರೇ ಹತ್ತಿದ್ವಿ, ಅಲ್ಲಿ ಇನ್ನೊಂದು ಅರ್ಧ ಗಂಟೆ ಹೋಯ್ತು. ಸವಣೂರ ಆ ಬಂಡೆ ಹತ್ರ ಬಂದಾಗ ನಿಂತು ಅದನ್ನ ನೋಡಿದ, ನಾವು ಯಾರೂ ಮಾತಾಡಲಿಲ್ಲ. ಮೂಲ ಮೂಕಾಂಬಿಕಾ ದೇವಸ್ಥಾನ ಮುಟ್ಟಿದಾಗ 12:40. ರೊಟ್ಟಿ ತಿಂದು ಎದ್ದಾಗ 1:00. ತುದಿಯ ಸರ್ವಜ್ಞ ಪೀಠ, ಆ ಸಣ್ಣ ಕಲ್ಲಿನ ಗುಡಿ, ಇನ್ನೂ ಮೇಲೆ ಇತ್ತು. ಅಷ್ಟರಲ್ಲಿ ಕೊಲ್ಲೂರು ಕಡೆಯಿಂದ ಮಂಜು ಏರ್ತಾ ಇತ್ತು.

“ಏ, ಇನ್ನ ಸ್ವಲ್ಪ ಐತಿ ನೋಡ್ರಿಲೇ, ಹೋಗಿ ಬಂದ್ಬಿಡೂಣು” ಅಂದ ಸವಣೂರ.

ಹಾನಗಲ್ ನನ್ನ ಮುಖ ನೋಡಿದ. ಹಾಳೆ ಬರೆದಿದ್ದು ನಾನು. ನಾನು ಜೀಪ್ ರಸ್ತೆ ಕಡೆ ತಿರುಗಿದೆ.

ಕೆಳಗೆ ಮುಟ್ಟಿದಾಗ 4:05. ಅಪ್ಪನಿಗೆ ಫೋನ್ ಮಾಡಿದೆ. “ಹೂಂ, ಊಟ ಆತೇನು?” ಅಂದರು.

ಸವಣೂರ ಬಸ್ಸಿನಲ್ಲಿ ಸಾಗರದ ತನಕ ನನ್ನ ಜೊತೆ ಮಾತಾಡಲಿಲ್ಲ. ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಅವನ ಲೆಕ್ಕ ಸರಿಯಾಗೇ ಇತ್ತು. ನಮ್ಮ ಹತ್ರ ಒಂದು ಗಂಟೆ ಉಳಿದಿತ್ತು, ಹೋಗಿ ಬರಬಹುದಿತ್ತು. ಆ ಗಂಟೆ ಇಟ್ಟಿದ್ದು ಕಾಲು ಉಳುಕಿದರೆ ಅಂತ, ಮೇಲೆ ಹೋಗೋಕಲ್ಲ, ಅಂತ ನಾನು ಹೇಳಿದೆ. ಉಳುಕಲಿಲ್ಲವಲ್ಲ ಅಂತ ಅವನು. ಈ ಜಗಳ ಇನ್ನೂ ಮುಗಿದಿಲ್ಲ.

ಮುಂದಿನ ಸಲದ ಹಾಳೆ ಅವನೇ ಬರೆದಿದ್ದಾನೆ. ಶುರು 6:45 ಅಂತಿದೆ, ಅದು ಒಳ್ಳೇದು. ತಿರುಗೋದು 1:30 ಅಂತಿತ್ತು. ನಾನು ಪೆನ್ಸಿಲ್‌ನಲ್ಲಿ 1:00 ಅಂತ ತಿದ್ದಿದೆ. ನಿನ್ನೆ ನೋಡಿದರೆ ಪೆನ್ನಿನಲ್ಲಿ ಮತ್ತೆ 1:30 ಮಾಡಿದ್ದಾನೆ.